ರಕ್ತಪರೀಕ್ಷೆ ಇಲ್ಲದೆ ಟೆಸ್ಟೋಸ್ಟೆರಾನ್ ಬೇಡ

ಟೆಸ್ಟೋಸ್ಟೆರಾನ್ ಔಷಧಗಳ ಲೇಬಲ್ಲಿನಲ್ಲಿದ್ದ ಹೃದಯಾಘಾತದ ಎಚ್ಚರಿಕೆಯನ್ನು ಸಡಿಲಿಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಫೆಬ್ರುವರಿಯಲ್ಲಿ ಸೂಚಿಸಿತು. ಗಂಡಸರ ದಣಿವು, ಬೊಜ್ಜು, ನಿರಾಸಕ್ತಿಗೆಲ್ಲ ಈ ಹಾರ್ಮೋನೇ ಮದ್ದು ಎನ್ನುವವರಿಗೆ ಇದೊಂದು ಅಭಯಪತ್ರವಾಗಿದೆ. ರಕ್ತದೊತ್ತಡ ಏರಬಹುದೆಂಬ ಹೊಸ ಎಚ್ಚರಿಕೆಯನ್ನು ಎಫ್‌ಡಿಎ ಆಗಲೇ ಸೇರಿಸಿದ್ದನ್ನು ಮಾತ್ರ ಅವರು ಹೇಳುವುದಿಲ್ಲ.

ಈ ಬದಲಾವಣೆಗೆ ಮುಖ್ಯ ಆಧಾರ 2023ರಲ್ಲಿ ಪ್ರಕಟವಾದ ‘ಟ್ರಾವರ್ಸ್’ ಅಧ್ಯಯನ. ಹೃದ್ರೋಗ ಇದ್ದ ಅಥವಾ ಅದರ ಅಪಾಯ ಹೆಚ್ಚಿದ್ದ, 45ರಿಂದ 80 ವರ್ಷದ ಐದು ಸಾವಿರಕ್ಕೂ ಹೆಚ್ಚು ಗಂಡಸರು ಅದರಲ್ಲಿದ್ದರು. ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದ್ರೋಗದ ಸಾವು ಔಷಧ ಪಡೆದವರಲ್ಲಿ ಶೇ 7, ಹುಸಿಮದ್ದು ಪಡೆದವರಲ್ಲಿ ಶೇ 7.3. ಸಮಾಧಾನದ ಫಲಿತಾಂಶವೇ ಸರಿ. ಆದರೆ ಅವರೆಲ್ಲ ಲಕ್ಷಣಗಳಿದ್ದವರು. ಎರಡು ಪರೀಕ್ಷೆಗಳಲ್ಲೂ ಹಾರ್ಮೋನ್ ಮಟ್ಟ ಡೆಸಿಲೀಟರಿಗೆ 300 ನ್ಯಾನೋಗ್ರಾಂಗಿಂತ ಕಡಿಮೆ ಇದ್ದವರು. ರಕ್ತ ಪರೀಕ್ಷಿಸುತ್ತಲೇ ಅವರ ಡೋಸ್ ಹೊಂದಿಸಲಾಗುತ್ತಿತ್ತು. ಅಷ್ಟು ನಿಗಾ ಇದ್ದೂ ಹೃದಯಬಡಿತದ ಏರುಪೇರು, ಮೂತ್ರಪಿಂಡದ ದಿಢೀರ್ ತೊಂದರೆ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಔಷಧ ಪಡೆದವರಲ್ಲೇ ಹೆಚ್ಚು ಕಂಡವು. ನಿಗಾ ಇಲ್ಲದ ಇಂಜೆಕ್ಷನ್ನಿಗೆ ಈ ಅಧ್ಯಯನ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ.

ಈ ಹಾರ್ಮೋನ್ ಕೆಂಪು ರಕ್ತಕಣಗಳನ್ನು ಹೆಚ್ಚಿಸಿ ರಕ್ತವನ್ನು ಮಂದವಾಗಿಸುತ್ತದೆ. ರಕ್ತದಲ್ಲಿ ಕೆಂಪು ಕಣಗಳ ಪಾಲು, ಅಂದರೆ ಹೆಮಟೋಕ್ರಿಟ್, ಶೇ 54 ದಾಟಿದರೆ ಔಷಧ ನಿಲ್ಲಿಸಬೇಕೆಂದು ಹಾರ್ಮೋನ್ ತಜ್ಞರ ಸಂಘಟನೆಯಾದ ಎಂಡೋಕ್ರೈನ್ ಸೊಸೈಟಿಯ 2018ರ ಮಾರ್ಗಸೂಚಿ ಹೇಳುತ್ತದೆ. ರಕ್ತ ಪರೀಕ್ಷಿಸದೆ ಅದು ತಿಳಿಯುವುದಾದರೂ ಹೇಗೆ?

ಮಕ್ಕಳು ಬೇಕೆನ್ನುವ ಯುವಕರು ಇನ್ನೊಂದು ಸಂಗತಿ ತಿಳಿದಿರಲೇಬೇಕು. ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದರೆ ಪಿಟ್ಯುಟರಿ ಗ್ರಂಥಿ ವೃಷಣಗಳಿಗೆ ಸಂಕೇತ ಕಳಿಸುವುದನ್ನು ತಗ್ಗಿಸುತ್ತದೆ. ವೀರ್ಯಾಣುಗಳ ಉತ್ಪಾದನೆ ಕುಸಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇದೇ ಇಂಜೆಕ್ಷನ್ನನ್ನು ಗಂಡಸರ ಗರ್ಭನಿರೋಧಕವಾಗಿ ಪರೀಕ್ಷಿಸಿತ್ತು. 1990ರಲ್ಲಿ ಪ್ರಕಟವಾದ ಆ ಅಧ್ಯಯನದ 271 ಜನರಲ್ಲಿ 157 ಮಂದಿಯ ವೀರ್ಯದಲ್ಲಿ ಆರು ತಿಂಗಳೊಳಗೆ ವೀರ್ಯಾಣುಗಳೇ ಇರಲಿಲ್ಲ. ಗಂಡಸುತನ ಹೆಚ್ಚಿಸುತ್ತದೆಂದು ಇದನ್ನು ಮಾರುವುದು ಶುದ್ಧ ವಂಚನೆ.

ವೃಷಣ ಅಥವಾ ಪಿಟ್ಯುಟರಿ ಗ್ರಂಥಿಯ ಕಾಯಿಲೆಯಿಂದ ಹಾರ್ಮೋನ್ ಕೊರತೆ ಖಚಿತವಾದವರಿಗೆ ಈ ಚಿಕಿತ್ಸೆ ಬೇಕು. ಅವರನ್ನು ಹೆದರಿಸಿ ದೂರವಿಡುವುದೂ ಅನ್ಯಾಯ. ನಮ್ಮಲ್ಲೂ ಇದು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧ. ಔಷಧ ನಿಯಂತ್ರಣ ಅಧಿಕಾರಿಗಳು ಈ ನಿಯಮವನ್ನು ಅಂಗಡಿಯಲ್ಲೂ ಜಿಮ್‌ಗಳಲ್ಲೂ ಜಾರಿಗೆ ತರಲಿ. ಓದುಗರೇ, ಬೆಳಗಿನ ಖಾಲಿ ಹೊಟ್ಟೆಯ ರಕ್ತಪರೀಕ್ಷೆಯನ್ನು ಎರಡು ಬಾರಿ ಮಾಡಿಸದೆ, ಹೆಮಟೋಕ್ರಿಟ್ ನೋಡದೆ, ಪ್ರಾಸ್ಟೇಟ್ ಗ್ರಂಥಿಯ ತೊಂದರೆ ಇದೆಯೇ ಎಂದು ವಿಚಾರಿಸದೆ ಯಾರಾದರೂ ಈ ಇಂಜೆಕ್ಷನ್ ಕೊಡಲು ಬಂದರೆ ಬೇಡವೆನ್ನಿ.