ಹಾಜರಿ ಪುಸ್ತಕವನ್ನು ಓದುವ ಬಗೆ

ಶಾಲೆಯೊಂದರ ಹಿರಿಮೆಯನ್ನು ಅಳೆಯುವಾಗ ನಾವು ಸಾಮಾನ್ಯವಾಗಿ ಅದರ ಕಟ್ಟಡವನ್ನು, ಪರೀಕ್ಷಾ ಫಲಿತಾಂಶವನ್ನು, ಅಲ್ಲಿ ಓದಿ ಉನ್ನತ ಹುದ್ದೆಗೇರಿದವರ ಹೆಸರುಗಳನ್ನು ಎಣಿಸುತ್ತೇವೆ. ಇವೆಲ್ಲವೂ ಅಭಿಮಾನಪಡತಕ್ಕ ಸಂಗತಿಗಳೇ. ಆದರೆ ಶಾಲೆಯ ನಿಜವಾದ ಆರೋಗ್ಯವನ್ನು ತಿಳಿಯಬಯಸುವವರು ಮುಖ್ಯೋಪಾಧ್ಯಾಯರ ಕಪಾಟಿನಲ್ಲಿರುವ ಹಾಜರಿ ಪುಸ್ತಕವನ್ನು ತೆರೆದು ನೋಡಬೇಕೆಂಬುದು, ಮೂರು ದಶಕಗಳಿಗೂ ಮಿಕ್ಕಿ ಆ ಪುಸ್ತಕವನ್ನು ತುಂಬಿದ ಈ ಲೇಖಕನ ಅಭಿಪ್ರಾಯ.

ಶಿಕ್ಷಣವು ಮಗುವಿನ ಹಕ್ಕೆಂಬುದನ್ನು ಇಂದು ಯಾರೂ ಅಲ್ಲಗಳೆಯುವಂತಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವರ್ಷದ ಪ್ರತಿಯೊಂದು ಮಗುವಿಗೂ ಉಚಿತ ಹಾಗೂ ಕಡ್ಡಾಯ ಶಿಕ್ಷಣವನ್ನು ವಿಧಿಸಿದೆ. ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ, ಆರರಿಂದ ಎಂಟರವರೆಗೆ 220 ದಿನ ಪಾಠ ನಡೆಯತಕ್ಕುದೆಂದು ಗೊತ್ತುಪಡಿಸಿದೆ. ಆದರೆ ಹೆಸರು ದಾಖಲಾಗುವುದು ಬೇರೆ, ಮಗು ತರಗತಿಯಲ್ಲಿ ಕುಳಿತಿರುವುದು ಬೇರೆ. ಮೊದಲನೆಯದನ್ನು ನಾವು ಬಹುಮಟ್ಟಿಗೆ ಸಾಧಿಸಿದ್ದೇವೆ. ಎರಡನೆಯದನ್ನು ಸಾಧಿಸಿದ್ದೇವೆಂದು ಧೈರ್ಯವಾಗಿ ಹೇಳಲಾರೆವು.

ವಾರಕ್ಕೆ ಒಂದೇ ದಿನ ತಪ್ಪಿಸಿಕೊಳ್ಳುವ ಮಗುವನ್ನು ಯಾರೂ ಶಾಲೆ ಬಿಟ್ಟ ಮಗುವೆಂದು ಕರೆಯುವುದಿಲ್ಲ. ಆದರೆ ಲೆಕ್ಕ ಹಾಕಿ ನೋಡಿದರೆ, 220 ದಿನಗಳ ವರ್ಷದಲ್ಲಿ ಆ ಮಗು ಸುಮಾರು 36 ದಿನಗಳನ್ನು, ಎಂದರೆ ಆರು ವಾರಗಳ ಪಾಠವನ್ನು ಕಳೆದುಕೊಳ್ಳುತ್ತದೆ. ಹತ್ತನೆಯ ತರಗತಿ ಮುಗಿಯುವ ವೇಳೆಗೆ ಈ ನಷ್ಟವು ಒಂದೂವರೆ ಶಾಲಾ ವರ್ಷವನ್ನು ಮುಟ್ಟುತ್ತದೆ. ಹನಿ ಹನಿ ಕೂಡಿದರೆ ಹಳ್ಳವೆನ್ನುತ್ತಾರೆ; ಹನಿ ಹನಿಯಾಗಿ ಸೋರಿದರೆ ಕೆರೆಯೂ ಬರಿದಾಗುತ್ತದೆ.

ಒಂದೂವರೆ ವರ್ಷದ ನಷ್ಟವೆಂದರೆ ಏನೆಂಬುದನ್ನು ನಾವೆಲ್ಲರೂ ಕಣ್ಣಾರೆ ಕಂಡಿದ್ದೇವೆ. ಕೊರೋನಾ ಸಾಂಕ್ರಾಮಿಕದ ಕಾರಣ 2020ರ ಮಾರ್ಚಿಯಲ್ಲಿ ಮುಚ್ಚಿದ ನಮ್ಮ ನಾಡಿನ ಕಿರಿಯ ತರಗತಿಗಳು ಮತ್ತೆ ತೆರೆದುದು 2021ರ ಅಕ್ಟೋಬರ್ 25ರಂದು. ಆಗ ಮರಳಿ ಬಂದ ಮಕ್ಕಳಲ್ಲಿ ಅನೇಕರು ಅಕ್ಷರ ಕೂಡಿಸಿ ಓದುವುದನ್ನೇ ಮರೆತಿದ್ದರು. ಸರಕಾರವು 2022-23ನೆಯ ವರ್ಷವನ್ನು ‘ಕಲಿಕಾ ಚೇತರಿಕೆ’ಗಾಗಿ ಮೀಸಲಿಡಬೇಕಾಯಿತು. ಅದು ಎಲ್ಲರಿಗೂ ಒಮ್ಮೆಲೇ ಒದಗಿದ ಆಪತ್ತಾದುದರಿಂದ ಎಲ್ಲರ ಕಣ್ಣಿಗೂ ಬಿತ್ತು. ವಾರಕ್ಕೊಂದು ದಿನ ತಪ್ಪುವ ಮಗುವಿಗೆ ಅಷ್ಟೇ ನಷ್ಟವಾಗುತ್ತಿದ್ದರೂ ಅದಕ್ಕೆ ಚೇತರಿಕೆಯ ವರ್ಷವೊಂದನ್ನು ಯಾರೂ ಗೊತ್ತುಮಾಡುವುದಿಲ್ಲ.

ಇಲ್ಲಿ ನನ್ನದೇ ತಪ್ಪೊಂದನ್ನು ನಿವೇದಿಸಿಕೊಳ್ಳುವುದು ಅವಶ್ಯ. ಏಳನೆಯ ತರಗತಿಯ ಹುಡುಗಿಯೊಬ್ಬಳು ಪ್ರತಿ ಮಂಗಳವಾರ ಗೈರುಹಾಜರಾಗುತ್ತಿದ್ದಳು. “ಯಾಕವ್ವಾ, ಮಂಗಳವಾರ ನಿನಗ ಸಾಲಿ ಇಲ್ಲೇನು?” ಎಂದು ಎಲ್ಲರೆದುರು ಗದರಿಸಿದ್ದೆ. ಅವಳು ತಲೆ ತಗ್ಗಿಸಿ ನಿಂತಳೇ ಹೊರತು ಉತ್ತರ ಕೊಡಲಿಲ್ಲ. ವರ್ಷದ ಕೊನೆಗೆ ಒಂದು ಮಂಗಳವಾರ ಅವಳ ಮನೆಗೆ ಹೋದೆ. ತಾಯಿ ಸಂತೆಗೆ ಕಾಯಿಪಲ್ಯ ಮಾರಲು ಹೋಗಿದ್ದಳು. ಹುಡುಗಿ ತಮ್ಮನ ತೊಟ್ಟಿಲು ತೂಗುತ್ತ ಗಣಿತದ ಪುಸ್ತಕ ಹಿಡಿದು ಕುಳಿತಿದ್ದಳು. “ಸರ್, ಮಂಗಳವಾರ ನೀವು ಹೊಸಾ ಲೆಕ್ಕ ಹೇಳ್ತೀರಿ, ಬುಧವಾರ ಅದನ್ನ ಮಾಡಂತೀರಿ. ನನಗ ತಿಳಿಯೂದಿಲ್ರಿ” ಎಂದಳು. ಕೂಸನ್ನು ನೋಡಿಕೊಳ್ಳಲು ನೆರೆಮನೆಯ ಅಜ್ಜಿಯೊಬ್ಬರು ಆ ದಿನವೇ ಒಪ್ಪಿದರು. ಆದರೆ ಕಾಲ ಮಿಂಚಿತ್ತು. ಮುಂದಿನ ಜೂನ್ ತಿಂಗಳಲ್ಲಿ ಹುಡುಗಿ ಶಾಲೆಗೆ ಮರಳಲಿಲ್ಲ. ಹತ್ತು ನಿಮಿಷದ ದಾರಿಯನ್ನು ನಡೆಯಲು ನಾನು ಎಂಟು ತಿಂಗಳು ತೆಗೆದುಕೊಂಡಿದ್ದೆ.

ಗೈರುಹಾಜರಿಯನ್ನು ಮಗುವಿನ ಆಲಸ್ಯವೆಂದೋ ತಂದೆತಾಯಿಯರ ಅಜ್ಞಾನವೆಂದೋ ತಳ್ಳಿಹಾಕುವುದು ಸುಲಭ. ಹತ್ತಿ ಬಿಡಿಸುವ ಕಾಲ, ಕಬ್ಬು ಕಡಿಯುವ ಕಾಲ, ದುಡಿಮೆಗಾಗಿ ಊರು ಬಿಟ್ಟು ಹೋಗುವ ಕಾಲ ಇವುಗಳೇ ಹಾಜರಿ ಪುಸ್ತಕದ ಖಾಲಿ ಮನೆಗಳಿಗೆ ಬಹುತೇಕ ಕಾರಣ. ಹಸಿವೂ ಅಂತಹುದೇ ಒಂದು ಕಾರಣವೆಂಬುದನ್ನು ನಮ್ಮ ಮಠಗಳು ಕಾನೂನಿಗಿಂತ ಬಹಳ ಮೊದಲೇ ಅರಿತಿದ್ದವು. ಸಿದ್ಧಗಂಗೆಯಲ್ಲಿ ಪೂಜ್ಯ ಶ್ರೀ ಶಿವಕುಮಾರ ಸ್ವಾಮಿಗಳವರು ಸಹಸ್ರಾರು ಮಕ್ಕಳಿಗೆ ಅನ್ನ, ವಸತಿ, ವಿದ್ಯೆಗಳನ್ನು ಒಟ್ಟಿಗೇ ನೀಡಿದುದರ ಮರ್ಮ ಇದೇ. 2002ರಲ್ಲಿ ರಾಜ್ಯದ ಏಳು ಜಿಲ್ಲೆಗಳಲ್ಲಿ ಪ್ರಾರಂಭವಾದ ಮಧ್ಯಾಹ್ನದ ಬಿಸಿಯೂಟಕ್ಕೆ ಸರಕಾರವು ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟುದು ಆ ಪರಂಪರೆಗೆ ಸಂದ ಗೌರವ. ತಡೆಯನ್ನು ತೆಗೆದರೆ ಮಗು ತಾನಾಗಿಯೇ ಬರುತ್ತದೆ.

ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂಡಲು ಶೇಕಡಾ 75 ಹಾಜರಿ ಬೇಕೆಂಬ ನಿಯಮವನ್ನು ಅನೇಕರು ಗುರಿಯೆಂದು ತಿಳಿದಿದ್ದಾರೆ. ಅದು ಗುರಿಯಲ್ಲ, ಕಡೆಯ ಗಡಿ. ಆ ಗಡಿಯೊಳಗಿದ್ದೂ ವಿದ್ಯಾರ್ಥಿಯು 220ರಲ್ಲಿ 55 ದಿನ ಗೈರುಹಾಜರಾಗಿರಬಹುದು. ಇನ್ನು ಬಾರದ ಮಗುವಿನ ಮುಂದೆ ದಯೆಯಿಂದಲೋ ಅಂಜಿಕೆಯಿಂದಲೋ ಹಾಜರಿ ಗುರುತು ಹಾಕುವ ರೂಢಿಯಂತೂ ಆ ಮಗುವಿಗೆ ಬಗೆಯುವ ದ್ರೋಹ. ಪುಸ್ತಕದಲ್ಲಿ ಹಾಜರಿದ್ದ ಮಗುವನ್ನು ಹುಡುಕಿಕೊಂಡು ಯಾರೂ ಹೋಗುವುದಿಲ್ಲ.

ಆದುದರಿಂದ ಈ ಸಂಚಿಕೆಯನ್ನು ಓದುವ ಮಹನೀಯರಲ್ಲಿ ಮೂರು ಬಿನ್ನಹಗಳಿವೆ. ಶಿಕ್ಷಕ ಬಂಧುಗಳು ಹಾಜರಿಯನ್ನು ಸತ್ಯವಾಗಿ ಬರೆಯಲಿ. ಎರಡನೆಯ ದಿನವೂ ಮಗು ಬಾರದಿದ್ದರೆ ಮನೆಗೆ ಹೇಳಿ ಕಳುಹಲಿ. ಮರಳಿ ಬಂದಾಗ ಬೈಗುಳಕ್ಕೆ ಬದಲಾಗಿ ತಪ್ಪಿದ ಪಾಠವನ್ನು ಹೇಳಿಕೊಡಲಿ. ಹಳೆಯ ವಿದ್ಯಾರ್ಥಿಗಳು ತಮ್ಮ ಓಣಿಯ ಒಂದೆರಡು ಮಕ್ಕಳ ಹೊಣೆಯನ್ನಾದರೂ ಹೊರಲಿ. ದಾನಿಗಳಲ್ಲಿ ಅರಿಕೆಯೆಂದರೆ, ಕಟ್ಟಡಗಳು ಬೇಕು, ನಿಜ. ಆದರೆ ಸಂತೆಯ ದಿನ ಕೂಸುಗಳನ್ನು ನೋಡಿಕೊಳ್ಳುವ ಒಂದು ಶಿಶುವಿಹಾರ, ದೂರದ ಹಳ್ಳಿಯ ಹುಡುಗಿಗೊಂದು ಬೈಸಿಕಲ್, ಊರು ಬಿಟ್ಟು ದುಡಿಯಹೋಗುವವರ ಮಕ್ಕಳಿಗಾಗಿ ನಾಲ್ಕು ತಿಂಗಳ ವಸತಿ ಇವೂ ದಾಸೋಹವೇ. ಇವುಗಳ ಮೇಲೆ ದಾನಿಯ ಹೆಸರನ್ನು ಕೆತ್ತಿಸಲು ಕಲ್ಲಿರುವುದಿಲ್ಲ. ಆದರೆ ಮರುದಿನ ಹೆಸರು ಕೂಗಿದಾಗ, ಹಿಂದಿನ ಸಾಲಿನಿಂದ ಒಂದು ದನಿ “ಹಾಜರ್ ಸರ್” ಎನ್ನುವುದು. ಅದಕ್ಕಿಂತ ಹೆಚ್ಚಿನ ಶಿಲಾಶಾಸನವನ್ನು ಶಾಲೆಯೊಂದು ಬೇಡಲಾರದು.