ತನ್ನ ಪುಟ ತಾನೇ ಬರೆದವರು

ಮಹಾಭಾರತದ ಕರ್ಣಪರ್ವದಲ್ಲಿ ಒಂದು ಪ್ರಸಂಗವಿದೆ. ಅಣ್ಣನನ್ನು ಬಾಯಿಗೆ ಬಂದಂತೆ ನಿಂದಿಸಿದ ಅರ್ಜುನ, ಪಶ್ಚಾತ್ತಾಪದಿಂದ ತನ್ನನ್ನು ತಾನೇ ಕೊಂದುಕೊಳ್ಳಲು ಕತ್ತಿ ಹಿರಿಯುತ್ತಾನೆ. ಕೃಷ್ಣ ಸುಲಭದ ಉಪಾಯ ಹೇಳಿಕೊಡುತ್ತಾನೆ: ಕತ್ತಿಯೇಕೆ, ನಿನ್ನನ್ನು ನೀನೇ ಹೊಗಳಿಕೊ, ಎರಡೂ ಒಂದೇ. ಆ ಮಾತು ದಿಟವಾದರೆ ಅಂತರಜಾಲದ ವಿಕಿಪೀಡಿಯದಲ್ಲಿ ನಮ್ಮ ಕವಿಗಳೂ ಪ್ರಾಧ್ಯಾಪಕರೂ ಉದ್ಯಮಿಗಳೂ ಎಷ್ಟೋ ಸಲ ಸತ್ತಿದ್ದಾರೆ. ಸತ್ತವರು ಮರುದಿನವೇ ಸಭೆಯಲ್ಲಿ ಹಾರ ಹಾಕಿಸಿಕೊಳ್ಳುತ್ತಿರುವುದು ಮಾತ್ರ ವಿಶೇಷ!

ಈ ವಿಶ್ವಕೋಶ ಹುಟ್ಟಿದ್ದು 2001ರಲ್ಲಿ, ಕನ್ನಡದ್ದು 2003ರಲ್ಲಿ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಸಂಭಾವನೆಯಿಲ್ಲ, ಲೇಖನದ ಕೆಳಗೆ ಹೆಸರೂ ಇಲ್ಲ. ತನ್ನ ಬಗ್ಗೆ, ತನ್ನ ಮನೆಯವರ ಬಗ್ಗೆ, ತನಗೆ ಸಂಬಳ ಕೊಡುವವರ ಬಗ್ಗೆ ತಾನು ಬರೆಯದಿರುವುದು ಮೇಲು ಎಂಬುದು ಅಲ್ಲಿನ ಕಟ್ಟುಪಾಡು. ಹಣ ಪಡೆದು ಬರೆಯುವವರು ಅದನ್ನು ಬಹಿರಂಗಪಡಿಸಲೇಬೇಕೆಂಬ ನಿಯಮ 2014ರಲ್ಲಿ ಬಂತು. ಇಷ್ಟಿದ್ದೂ ಪುಟ ತೆರೆದರೆ 'ನಾಡಿನ ಹೆಸರಾಂತ', 'ಬಹುಮುಖ ಪ್ರತಿಭೆಯ', 'ಅಪಾರ ಜನಮನ್ನಣೆ ಗಳಿಸಿದ' ಎಂಬ ಸನ್ಮಾನಪತ್ರದ ಭಾಷೆ ಎದುರಾಗುತ್ತದೆ. ಮನ್ನಣೆ ಕೊಟ್ಟ ಜನ ಯಾರೆಂದು ಹುಡುಕಿದರೆ ಆಧಾರಕ್ಕೆ ಸಿಗುವುದು ಅವರದೇ ಪುಸ್ತಕದ ಬೆನ್ನುಡಿ.

ಹಳೆಗನ್ನಡ ಓದಿಕೊಂಡ ಮಿತ್ರರು ಇಲ್ಲಿ ಅಡ್ಡ ಬರುತ್ತಾರೆ. ಪಂಪ ಕವಿತಾಗುಣಾರ್ಣವನೆನಿಸಿಕೊಳ್ಳಲಿಲ್ಲವೆ? ರನ್ನ ತನ್ನನ್ನು ಪಂಪ ಪೊನ್ನರ ಪಕ್ಕದಲ್ಲಿ ಕೂರಿಸಿಕೊಂಡು ರತ್ನತ್ರಯರಲ್ಲಿ ತಾನೊಬ್ಬನೆನ್ನಲಿಲ್ಲವೆ? ಅಂದರು, ಸ್ವಾಮಿ. ತಮ್ಮ ಕಾವ್ಯದಲ್ಲಿ, ತಮ್ಮ ಹೆಸರಿನಲ್ಲಿ, ಎದೆ ತಟ್ಟಿ ಅಂದರು. ಕೇಳಿದವನಿಗೆ ಮಾತು ಯಾರದೆಂದು ಗೊತ್ತಿತ್ತು. ಬೇಕಾದಷ್ಟು ನಂಬಿ ಉಳಿದದ್ದನ್ನು ಬಿಡುವ ಸ್ವಾತಂತ್ರ್ಯ ಅವನಿಗಿತ್ತು. ಇಲ್ಲಿ ನಡೆಯುವುದು ಬೇರೆ. ಬಾಯಿ ತನ್ನದು, ದನಿ ಊರಿನದು. ವಿಶ್ವಕೋಶ ಹೇಳಿತೆಂದು ನಂಬಿ ಪರೀಕ್ಷೆಗೆ ಓದುವ ಹುಡುಗನಿಗೆ ಯಾರು ಹೇಳಿದರೆಂಬುದು ತಿಳಿಯುವುದೇ ಇಲ್ಲ. ರನ್ನನದು ಅಹಂಕಾರ; ಇದು ಮರೆಮೋಸ.

'ನಾವೇ ಬರೆದುಕೊಳ್ಳದಿದ್ದರೆ ಕನ್ನಡದವರ ಬಗ್ಗೆ ಬರೆಯುವವರಾರು?' ಈ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಯೋಗ್ಯರಾದ ಎಷ್ಟೋ ಜನರಿಗೆ ಅಲ್ಲಿ ಒಂದು ಸಾಲೂ ಇಲ್ಲವೆಂಬುದು ನಿಜ. ಆದರೆ ತನ್ನ ಪುಟ ತಾನು ತುಂಬಿಸಿಕೊಂಡ ಮಹನೀಯರು ಆ ಯೋಗ್ಯರಲ್ಲಿ ಒಬ್ಬರ ಮೇಲಾದರೂ ಬರೆದಿದ್ದಾರೆಯೆ? ಊರಿನ ಕೆರೆಯ ಮೇಲೆ, ತಮಗೆ ಅಕ್ಷರ ಕಲಿಸಿದವರ ಮೇಲೆ? ಇಂಥ ಪುಟಗಳು ಹೆಚ್ಚಿದಷ್ಟೂ, ಬಿಟ್ಟಿ ದುಡಿಯುವ ಅಲ್ಲಿನ ಸಂಪಾದಕರು ನಿಜವಾದ ಲೇಖನವನ್ನೂ ಸಂಶಯದಿಂದಲೇ ನೋಡುತ್ತಾರೆ. ಪುಟದ ಹಸಿವಿಗೆ ಮಾರುಕಟ್ಟೆಯೂ ಹುಟ್ಟಿಕೊಂಡಿದೆ. 2015ರಲ್ಲಿ ಇಂಗ್ಲಿಷ್ ವಿಕಿಪೀಡಿಯ ಒಂದೇ ಜಾಲಕ್ಕೆ ಸೇರಿದ 381 ಖಾತೆಗಳನ್ನು ಮುಚ್ಚಿತು. ತಿರಸ್ಕೃತ ಲೇಖನಗಳನ್ನು ಪ್ರಕಟಿಸಿಕೊಡುತ್ತೇವೆಂದು ಸಣ್ಣ ವ್ಯಾಪಾರಿಗಳಿಂದಲೂ ಕಲಾವಿದರಿಂದಲೂ ದುಡ್ಡು ಕೀಳುತ್ತಿದ್ದ ಖಾತೆಗಳು ಅವು.

ತನ್ನ ಬಗ್ಗೆ ತಪ್ಪು ಅಚ್ಚಾಗಿದ್ದರೆ? ಪುಟದ ಬೆನ್ನಿಗೇ 'ಚರ್ಚೆ' ಎಂಬ ಪುಟವಿದೆ. ನಾನು ಇಂಥವನು, ಇಲ್ಲಿ ಇಂಥ ತಪ್ಪಿದೆ, ಆಧಾರ ಇದು ಎಂದು ಅಲ್ಲಿ ಹೇಳಬಹುದು. ಅಮೆರಿಕದ ಕಾದಂಬರಿಕಾರ ಫಿಲಿಪ್ ರಾತ್ ತನ್ನ 'ದಿ ಹ್ಯೂಮನ್ ಸ್ಟೇನ್' ಕೃತಿಯ ಪ್ರೇರಣೆಯ ಬಗ್ಗೆ ಬರೆದದ್ದು ತಪ್ಪೆಂದು ತಿಳಿಸಿದಾಗ, ಬೇರೆ ಆಧಾರ ಬೇಕೆಂಬ ಉತ್ತರ ಬಂತು. ಮೇಲುನೋಟಕ್ಕೆ ಇದು ಹಾಸ್ಯಾಸ್ಪದವೇ. ರಾತ್ 2012ರಲ್ಲಿ 'ನ್ಯೂಯಾರ್ಕರ್' ಪತ್ರಿಕೆಯ ಮೂಲಕ ಬಹಿರಂಗ ಪತ್ರ ಬರೆದ, ತನ್ನ ಹೆಸರು ಹಾಕಿ. ಲೇಖನದಲ್ಲಿ ಅವನ ಮಾತೂ ಸೇರಿತು.

ಗುಟ್ಟು ಉಳಿಯುತ್ತದೆಂಬ ಭ್ರಮೆಯಂತೂ ಬೇಡ. ಪ್ರತಿ ಪುಟಕ್ಕೂ 'ಇತಿಹಾಸ'ವಿದೆ; ಯಾವ ಖಾತೆ, ಯಾವ ದಿನ, ಯಾವ ಪದ ಬದಲಿಸಿತೆಂಬುದೆಲ್ಲ ಅಲ್ಲಿ ದಾಖಲು. ಸ್ಥಾಪಕ ಜಿಮ್ಮಿ ವೇಲ್ಸನೇ ತನ್ನ ಲೇಖನದಲ್ಲಿ ಲ್ಯಾರಿ ಸ್ಯಾಂಗರ್ ಸಹಸ್ಥಾಪಕನೆಂಬುದನ್ನು ಅಳಿಸಿ 2005ರಲ್ಲಿ ಸಿಕ್ಕಿಬಿದ್ದ, ಮಾಡಬಾರದಿತ್ತೆಂದು ಒಪ್ಪಿಕೊಂಡ. ಪರಿಚಿತ ಕವಿಯೊಬ್ಬರಿಗೆ ಇದನ್ನೆಲ್ಲ ವಿವರಿಸಿ ಹೇಳಿದೆ. ಗಂಭೀರವಾಗಿ ಕೇಳಿಸಿಕೊಂಡರು. ಕಾಫಿ ಮುಗಿದ ಮೇಲೆ ಮೆಲ್ಲಗೆ ಕೇಳಿದರು: "ಅದಿರಲಿ, ಆ ಇತಿಹಾಸ ಅಳಿಸುವುದು ಹೇಗೆ?"