ನಿಂತ ಕಾರಿನ ಬ್ಯಾಟರಿ: ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿದರೆ ಸಾಕೇ?

ಗಲ್ಫಿನಲ್ಲಿ ದುಡಿಯುವವರು ರಜೆಯಲ್ಲಿ ಬಂದಾಗ ಬಳಸಲೆಂದು ಕೊಂಡ ಕಾರುಗಳು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಯಾವ ಊರಿಗೆ ಹೋದರೂ ಅಂಗಳದ ಮೂಲೆಯಲ್ಲಿ ಹೊದಿಕೆ ಹೊದ್ದು ನಿಂತ ಒಂದಾದರೂ ಕಾರು ಕಾಣಸಿಗುತ್ತದೆ. ಒಡೆಯನಾದವನು ವಿಮಾನ ಹತ್ತುವ ಮೊದಲು ಕೀಲಿಕೈಯನ್ನು ತಂದೆಯ ಕೈಗೋ ತಮ್ಮನ ಕೈಗೋ ಕೊಟ್ಟು, ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಇಡಬೇಕೆಂದು ಹೇಳಿ ಹೋಗುತ್ತಾನೆ. ಈ ಉಪದೇಶದಿಂದ ದೊಡ್ಡ ಪ್ರಯೋಜನವಿಲ್ಲ ಎಂಬುದು ನನ್ನ ಅಭಿಪ್ರಾಯ. ಆಟಿ ತಿಂಗಳ ಜಡಿಮಳೆಯ ನಡುರಾತ್ರಿ ಮನೆಯ ಹಿರಿಯರೊಬ್ಬರಿಗೆ ಎದೆನೋವು ಬಂದು ಮಂಗಳೂರಿಗೆ ಒಯ್ಯಬೇಕಾದಾಗ, ಕೀಲಿ ತಿರುಗಿಸಿದರೆ ಟಕ್ ಟಕ್ ಎಂದು ಸುಮ್ಮನಾಗುವ ಕಾರು ಇದ್ದೂ ಇಲ್ಲದ ಹಾಗೆಯೇ.

ಲೆಕ್ಕ ಮಾಡಿ ನೋಡೋಣ. ಹತ್ತನೆಯ ತರಗತಿಯ ಮಕ್ಕಳೂ ಮಾಡಬಲ್ಲ ಲೆಕ್ಕವಿದು. ಈಗಿನ ಕಾರು ನಿಂತಿರುವಾಗಲೂ ಪೂರ್ತಿ ನಿದ್ರಿಸುವುದಿಲ್ಲ. ಗಡಿಯಾರ, ಕಳ್ಳರ ಭಯದ ಅಲಾರಂ, ರಿಮೋಟಿನ ಕರೆಗೆ ಕಾದಿರುವ ಬೀಗ, ಎಂಜಿನಿನ ಕಂಪ್ಯೂಟರು, ಇವೆಲ್ಲ ಸ್ವಲ್ಪಸ್ವಲ್ಪ ವಿದ್ಯುತ್ತನ್ನು ಹೀರುತ್ತಲೇ ಇರುತ್ತವೆ. ಒಟ್ಟು 30 ಮಿಲಿ ಆಂಪಿಯರ್ ಎಂದಿಟ್ಟುಕೊಳ್ಳಿ. ದಿನಕ್ಕೆ 0.72 ಆಂಪಿಯರ್-ಗಂಟೆ, ವಾರಕ್ಕೆ ಐದು. ಸಣ್ಣ ಕಾರಿನ ಬ್ಯಾಟರಿ 35 ಆಂಪಿಯರ್-ಗಂಟೆಯದು. 24 ದಿನಗಳಲ್ಲಿ ಅರ್ಧ ಖಾಲಿ, ಏಳು ವಾರಗಳಲ್ಲಿ ಪೂರ್ತಿ ಖಾಲಿ. ಅದಕ್ಕೂ ಮೊದಲೇ ಎಂಜಿನು ಏಳದು.

ಸ್ಟಾರ್ಟ್ ಮಾಡುವಾಗ ಬ್ಯಾಟರಿ ಖರ್ಚಾಗುತ್ತದೆಂದು ಹೆದರುವವರಿದ್ದಾರೆ. 150 ಆಂಪಿಯರು ಮೂರು ಸೆಕೆಂಡು ಹರಿದರೂ ಅದು 0.125 ಆಂಪಿಯರ್-ಗಂಟೆ ಮಾತ್ರ. ಆದರೆ ನಿಂತಲ್ಲೇ ಐದು ನಿಮಿಷ ಎಂಜಿನು ಓಡಿದಾಗ ಬ್ಯಾಟರಿಗೆ ಸೇರುವುದೆಷ್ಟು? 10 ಆಂಪಿಯರ್ ಸೇರಿತೆಂದು ಉದಾರವಾಗಿ ಒಪ್ಪಿದರೂ 0.83. ವಾರದಲ್ಲಿ ಹೋದದ್ದು ಐದು, ಬಂದದ್ದು ಒಂದಕ್ಕಿಂತ ಕಡಿಮೆ. ಇಂಥ ಜಮಾಖರ್ಚಿನಲ್ಲಿ ಯಾವ ಅಂಗಡಿಯೂ ಉಳಿಯುವುದಿಲ್ಲ. ಜತೆಗೆ ಮುಚ್ಚಿದ ಶೆಡ್ಡಿನೊಳಗೆ ಎಂಜಿನು ಓಡಿಸಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲ ತುಂಬಿ ಜೀವಕ್ಕೇ ಸಂಚಕಾರ. ಓಡಿಸುವುದಾದರೆ ರಸ್ತೆಗಿಳಿಸಿ ಮುಕ್ಕಾಲು ಗಂಟೆಯಾದರೂ ಓಡಿಸಬೇಕು.

ಖಾಲಿಯಾದ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡಿದರಾಯಿತಲ್ಲ ಎಂದು ಕೇಳಬಹುದು. ಅಷ್ಟು ಸುಲಭವಿಲ್ಲ. 1859ರಲ್ಲಿ ಫ್ರಾನ್ಸಿನ ಗಾಸ್ತೊ ಪ್ಲಾಂಟೆ ರಚಿಸಿದ ಸೀಸ-ಆಮ್ಲದ ಬ್ಯಾಟರಿಯ ತತ್ತ್ವ ಇಂದಿಗೂ ಅದೇ. ವಿದ್ಯುತ್ತು ಹೊರಗೆ ಹರಿದಂತೆ ಎರಡೂ ಬಗೆಯ ಫಲಕಗಳ ಮೇಲೆ ಸೀಸದ ಸಲ್ಫೇಟು ಕೂರುತ್ತದೆ, ಗಂಧಕಾಮ್ಲ ನೀರಾಗುತ್ತ ಬರುತ್ತದೆ. ಕೂಡಲೇ ಚಾರ್ಜ್ ಮಾಡಿದರೆ ಆ ಸಲ್ಫೇಟು ಕರಗುತ್ತದೆ. ತಿಂಗಳುಗಟ್ಟಲೆ ಹಾಗೆಯೇ ಬಿಟ್ಟರೆ ಹರಳುಗಟ್ಟಿ ಗಡುಸಾಗುತ್ತದೆ, ಮತ್ತೆ ಯಾವ ಚಾರ್ಜರಿಗೂ ಬಗ್ಗುವುದಿಲ್ಲ.

ಕಾರಿನ ಜತೆ ಬರುವ ಇಂಗ್ಲಿಷ್ ಕೈಪಿಡಿಗಳಲ್ಲಿ ಚಳಿಗಾಲದ ಮಾತೇ ಹೆಚ್ಚು. ಅದು ಅವರಿಗೆ ಸರಿ. ಕೆನಡಾ, ಸ್ವೀಡನ್ನಿನಂಥ ದೇಶಗಳಲ್ಲಿ ಕೆಲವರು ಹಿಮ ಕರಗುವ ತನಕ ಕಾರನ್ನು ಒಳಗಿಟ್ಟುಬಿಡುತ್ತಾರೆ. ಖಾಲಿ ಬ್ಯಾಟರಿಯ ದ್ರವ ಸೊನ್ನೆಗಿಂತ ಸುಮಾರು 10 ಡಿಗ್ರಿ ಕೆಳಗೆ ಹೆಪ್ಪುಗಟ್ಟಿ ಪೆಟ್ಟಿಗೆಯೇ ಒಡೆಯಬಹುದು. ತುಂಬಿದ ಬ್ಯಾಟರಿ 50 ಡಿಗ್ರಿ ಕೆಳಗೂ ತಡೆದೀತು. ನಮಗೆ ಆ ಭಯವಿಲ್ಲ. ನಮ್ಮ ಶತ್ರು ಸೆಕೆ. ಉಷ್ಣತೆ 10 ಡಿಗ್ರಿ ಏರಿದರೆ ಬ್ಯಾಟರಿ ತಾನಾಗಿ ಬರಿದಾಗುವ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಆದುದರಿಂದ ಅವರ ಪಂಚಾಂಗವನ್ನು ಬಿಟ್ಟು ಉಪಾಯವನ್ನಷ್ಟೇ ತೆಗೆದುಕೊಳ್ಳೋಣ: ತುಂಬಿಸಿ ಇಡುವುದು, ಸಂಬಂಧ ಕಡಿದು ಇಡುವುದು, ನೆರಳಿನಲ್ಲಿ ಇಡುವುದು.

ಸಂಬಂಧ ಕಡಿಯುವುದೆಂದರೆ ಒಂದು ಸ್ಪ್ಯಾನರಿನ ಕೆಲಸ. ಮೊದಲು ಋಣದ ತಂತಿ, ಆಮೇಲೆ ಧನದ್ದು. ಜೋಡಿಸುವಾಗ ತಿರುಗುಮುರುಗು, ಋಣ ಕೊನೆಗೆ. ಕಾರಿನ ಒಡಲೆಲ್ಲ ಋಣಕ್ಕೇ ಸೇರಿರುವುದರಿಂದ, ಮೊದಲೇ ಧನಕ್ಕೆ ಕೈಹಾಕಿ ಸ್ಪ್ಯಾನರು ಒಡಲಿಗೆ ತಾಗಿದರೆ ಕಿಡಿ ಹಾರುತ್ತದೆ. ಬ್ಯಾಟರಿಯನ್ನು ಹೊರತೆಗೆಯದಿದ್ದರೆ ಋಣ ಬಿಚ್ಚಿದರೇ ಸಾಕು. ಆದರೆ ಕೀಲಿಯನ್ನು ಒಳಗಿಟ್ಟು ಬಾಗಿಲು ಹಾಕಬೇಡಿ, ರಿಮೋಟು ಕೆಲಸ ಮಾಡದು! ಹೊರತೆಗೆದದ್ದನ್ನು ಸಿಮೆಂಟು ನೆಲದ ಮೇಲಿಟ್ಟರೆ ಇಳಿದುಹೋಗುತ್ತದೆಂಬುದು ಹಳೆಯ ಮಾತು. ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಗೆ ಅದು ಅನ್ವಯಿಸದು. ಮುಚ್ಚಳವಿರುವ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರನ್ನೇ ಹಾಕಬೇಕು. ನಮ್ಮ ಬಾವಿಯ ನೀರು ಕುಡಿಯಲು ಎಷ್ಟೇ ಸಿಹಿಯಿರಲಿ, ಅದರ ಲವಣ, ಕಬ್ಬಿಣ ಬ್ಯಾಟರಿಗೆ ವಿಷ.

ಮಲ್ಟಿಮೀಟರ್ ಇದ್ದರೆ ತಿಂಗಳಿಗೊಮ್ಮೆ ನೋಡಬಹುದು. 12.6 ವೋಲ್ಟು ಇದ್ದರೆ ತುಂಬಿದೆ. 12.4ಕ್ಕಿಂತ ಕೆಳಗಿಳಿದರೆ ಚಾರ್ಜ್ ಮಾಡಬೇಕು. 12.2ಕ್ಕೆ ಬಂದರೆ ಅರ್ಧ ಹೋಗಿದೆ ಎಂದರ್ಥ. ಚಾರ್ಜ್ ಮಾಡುವಾಗ ಜಲಜನಕ ಹೊರಡುವುದರಿಂದ ಹತ್ತಿರ ಬೀಡಿ ಹಚ್ಚಕೂಡದು, ಗುಡುಗಿನ ದಿನ ಪ್ಲಗ್ ಕೀಳಲು ಮರೆಯಕೂಡದು.

ಇದು ಮನೆಯ ಕಾರಿಗಷ್ಟೇ ಸಂಬಂಧಿಸಿದ ಮಾತಲ್ಲ. ಎಪ್ರಿಲ್, ಮೇ ಎರಡು ತಿಂಗಳು ಶಾಲೆಯ ಬಸ್ಸುಗಳು ಬಿಸಿಲಿನಲ್ಲಿ ನಿಂತಿರುತ್ತವೆ. 2020ರ ಲಾಕ್‌ಡೌನಿನಲ್ಲಿ ಎಷ್ಟೋ ವಾಹನಗಳು ವಾರಗಟ್ಟಲೆ ನಿಂತು ಬ್ಯಾಟರಿ ಕಳೆದುಕೊಂಡವು. ಸಂಘಸಂಸ್ಥೆಗಳು ಆಂಬುಲೆನ್ಸ್ ಕೊಳ್ಳುವಾಗ ಉದ್ಘಾಟನೆಗೆ ತೋರುವ ಆಸಕ್ತಿಯ ಕಾಲಂಶವನ್ನು ಅದರ ಬ್ಯಾಟರಿಗೆ ತೋರಿದರೆ ಉಪಕಾರವಾದೀತು. ಇಂಥವರೇ ನೋಡಬೇಕೆಂದು ಒಬ್ಬರ ಹೆಸರು ಬರೆದಿಟ್ಟರೆ ಸಾಕು, ಸಮಿತಿ ಬೇಡ.

ಸತ್ತ ಬ್ಯಾಟರಿಯ ವಿಚಾರ ಇನ್ನೊಂದಿದೆ. ಗುಜರಿಯವನು ನಾಲ್ಕು ಕಾಸು ಹೆಚ್ಚು ಕೊಡುತ್ತಾನೆಂದು ಅವನಿಗೆ ಹಾಕುವುದು ರೂಢಿ. ಅವನು ಒಡೆದು ಆಮ್ಲವನ್ನು ತೋಡಿಗೆ ಚೆಲ್ಲಿದರೆ ಸೀಸ ಬಾವಿಯ ನೀರಿಗೆ ಸೇರಬಹುದು. ಸೀಸ ಮಕ್ಕಳ ಮಿದುಳಿಗೆ ಮಾಡುವ ಕೇಡು ಸರಿಪಡಿಸಲಾಗದಂಥದು. ಹಳೆಯ ಬ್ಯಾಟರಿಯನ್ನು ಹಿಂದೆ ಪಡೆಯುವ ಹೊಣೆಯನ್ನು ಕೇಂದ್ರ ಸರಕಾರದ 2022ರ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಹೊಸತು ಕೊಳ್ಳುವ ಅಂಗಡಿಯಲ್ಲೇ ಹಳೆಯದನ್ನು ಕೊಟ್ಟು, ಬೆಲೆಯಲ್ಲಿ ಎಷ್ಟು ಕಳೆಯುತ್ತೀರೆಂದು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ.